ಹಳೇ ಜಿಪ್ಸಿ ಈಗ ತಗೋಬಹುದಾ? ಮಾರುತಿ ಜಿಪ್ಸಿ ಕಿಂಗ್, ತೋಟದವನ ವಿಮರ್ಶೆ

ಮೊದಲೇ ಹೇಳಿಬಿಡುತ್ತೇನೆ. ದಿನಾ ಆಫೀಸಿಗೆ ಹೋಗಿ ಬರಲು, ರಜೆ ಬಂದರೆ ಮನೆಮಂದಿಯನ್ನೆಲ್ಲ ಕೂರಿಸಿಕೊಂಡು ಹೈವೇಯಲ್ಲಿ ಊರಿಗೆ ಓಡಲು ಗಾಡಿ ಬೇಕು ಎನ್ನುವವರು ಜಿಪ್ಸಿ ಕಡೆ ನೋಡಲೇಬೇಡಿ. ಆದರೆ ಗುಡ್ಡದ ಮೇಲೆ ತೋಟ ಇದೆ, ಜೂನ್ ತಿಂಗಳಲ್ಲಿ ಮನೆಯಿಂದ ಟಾರು ರಸ್ತೆ ಸೇರೋದೇ ಒಂದು ಕೆಲಸ, ಮಧ್ಯೆ ಹಳ್ಳ ಬೇರೆ ಇದೆ ಎನ್ನುವವರಿಗೆ, ಮಾರಾಟ ನಿಂತು ಹೋಗಿ ಇಷ್ಟು ವರ್ಷ ಆದರೂ ಇದರ ಕೆಲಸ ಮಾಡುವ ಇನ್ನೊಂದು ಗಾಡಿಯನ್ನು ಇದೇ ದುಡ್ಡಿಗೆ ತೋರಿಸಲು ನನಗಂತೂ ಆಗುವುದಿಲ್ಲ. ನಮ್ಮದು ಮೂಡಿಗೆರೆ ಕಡೆ. ಕಾಫಿ, ಮೆಣಸು, ಸ್ವಲ್ಪ ಅಡಿಕೆ. ನಮ್ಮ ಮನೆಯಲ್ಲಿರೋದು ಎಂಪಿಎಫ್‌ಐ (ಕಾರ್ಬ್ಯುರೇಟರ್ ಬದಲು ಇಂಜೆಕ್ಟರ್ ಇರುವ) ಇಂಜಿನ್ನಿನ, ಸಾಫ್ಟ್ ಟಾಪ್, ಅಂದರೆ ಬಟ್ಟೆಯ ಹುಡ್ಡಿನ ಜಿಪ್ಸಿ ಕಿಂಗ್. ಗೊಬ್ಬರದ ಚೀಲದಿಂದ ಹಿಡಿದು ಹುಷಾರಿಲ್ಲದ ಅಜ್ಜಿಯವರೆಗೆ ಎಲ್ಲವನ್ನೂ, ಎಲ್ಲರನ್ನೂ ಅದು ಹೊತ್ತಿದೆ.

ಈ ಗಾಡಿಯ ಬಗ್ಗೆ ಒಂದೇ ಒಂದು ಸಂಖ್ಯೆ ನೆನಪಿಟ್ಟುಕೊಳ್ಳಿ ಅಂದರೆ ನಾನು ಹೇಳೋದು ತೂಕ. ಸಾಫ್ಟ್ ಟಾಪ್ ಜಿಪ್ಸಿ ಕಿಂಗ್ ಖಾಲಿ ತೂಕ 985 ಕೆಜಿ. ಒಂದು ಟನ್ನೂ ಇಲ್ಲ! ಲ್ಯಾಡರ್ ಫ್ರೇಮ್ (ಏಣಿಯಂಥ ಗಟ್ಟಿ ಚಾಸಿ) ಇದೆ, ಹಿಂದೆ ಮುಂದೆ ಗಟ್ಟಿ ಆಕ್ಸಲ್ ಇದೆ, ಶಕ್ತಿಯನ್ನು ಹಿಂದಿನ, ಮುಂದಿನ ಆಕ್ಸಲ್ಲಿಗೆ ಹಂಚುವ, ಲೋ ಗೇರ್ ಇರುವ ಟ್ರಾನ್ಸ್‌ಫರ್ ಕೇಸ್ ಇದೆ, ನಾಲ್ಕು ಮೀಟರ್ ಉದ್ದ ಇದೆ. ಇಷ್ಟೆಲ್ಲ ಇಟ್ಟುಕೊಂಡು ಸಣ್ಣ ಕಾರಿನಷ್ಟು ತೂಗುತ್ತದೆ. ಡೀಸೆಲ್ ಜೀಪುಗಳ ಜೊತೆ ಹೋಲಿಸಿ ನೋಡಿ. 2010ರಲ್ಲಿ ಬಂದ ಥಾರ್‌ಗೆ ಎರಡೂವರೆ ಲೀಟರ್ ಇಂಜಿನ್, ಎಳೆಯುವ ಶಕ್ತಿ ಜಿಪ್ಸಿಯ ಎರಡರಷ್ಟಕ್ಕಿಂತ ಜಾಸ್ತಿ, ಒಪ್ಪುತ್ತೇನೆ, ಆದರೆ ತೂಕ ಒಂದೂವರೆ ಟನ್ ದಾಟುತ್ತದೆ. ಕೆಸರಿನಲ್ಲಿ ಈ ವ್ಯತ್ಯಾಸ ಕಣ್ಣಿಗೆ ಕಾಣುತ್ತದೆ. ಭಾರದ ಗಾಡಿ ಮೊದಲು ಹೂತುಕೊಳ್ಳುತ್ತದೆ, ಆಮೇಲೆ ತನ್ನ ಶಕ್ತಿ ತೋರಿಸುತ್ತದೆ. ಜಿಪ್ಸಿ ಹೂತುಕೊಳ್ಳೋದೇ ಕಡಿಮೆ. ಹೂತುಕೊಂಡರೂ ನಾಲ್ಕು ಜನ ಸೇರಿ ತಳ್ಳಿದರೆ ಹೊರಗೆ ಬರುತ್ತದೆ, ಟ್ರ್ಯಾಕ್ಟರ್ ಕರೆಸಬೇಕಾಗಿಲ್ಲ.

ಈ ಹಗುರತನ ಎಲ್ಲಿಂದ ಬಂತು ಅಂತ ತಿಳಿಯಲು ಜಪಾನಿಗೆ ಹೋಗಬೇಕು. ಅಲ್ಲಿ ಕೇ ಕಾರು ಅಂತ ಒಂದು ವರ್ಗ ಇದೆ. ಉದ್ದ, ಅಗಲ, ಇಂಜಿನ್ ಎಲ್ಲಕ್ಕೂ ಸರ್ಕಾರದ ಮಿತಿ, ಅದರೊಳಗಿದ್ದರೆ ತೆರಿಗೆ ಕಡಿಮೆ. ಹೋಪ್ ಮೋಟರ್ ಕಂಪನಿ ಅನ್ನೋ ಸಣ್ಣ ಸಂಸ್ಥೆ ಓಎನ್ 360 ಎಂಬ ಪುಟ್ಟ ಫೋರ್ ಬೈ ಫೋರ್ (ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗುವ ಗಾಡಿ) ಮಾಡಿತ್ತು. ಅವರ ಕೈಯಲ್ಲಿ ಅದು ಬೆಳೆಯಲಿಲ್ಲ. 1968ರಲ್ಲಿ ಸುಜುಕಿ ಆ ವಿನ್ಯಾಸ ಕೊಂಡುಕೊಂಡು, ತನ್ನ ಇಂಜಿನ್ ಕೂರಿಸಿ, 1970ರಲ್ಲಿ ಎಲ್‌ಜೆ 10 ಅಂತ ಬಿಟ್ಟಿತು. 359 ಸಿಸಿ, ಎರಡು ಸಿಲಿಂಡರ್, ಗಾಳಿಯಿಂದ ತಣಿಯುವ ಟೂ ಸ್ಟ್ರೋಕ್ ಇಂಜಿನ್, 25 ಕುದುರೆ ಶಕ್ತಿ. ಉದ್ದ ಮೂರು ಮೀಟರ್ ದಾಟಬಾರದು ಅನ್ನೋ ನಿಯಮಕ್ಕಾಗಿ ಸ್ಟೆಪ್ನಿ ಚಕ್ರವನ್ನು ಹಿಂದೆ ನೇತು ಹಾಕದೆ ಗಾಡಿಯ ಒಳಗೇ ಇಟ್ಟಿದ್ದರು, ಅದರಿಂದ ಕೂರುವ ಜಾಗ ಮೂರಕ್ಕೆ ಇಳಿಯಿತು. ನನಗೆ ಇದು ತುಂಬ ಇಷ್ಟವಾದ ವಿಷಯ. ದೊಡ್ಡ ಇಂಜಿನ್ ಹಾಕುವ ದಾರಿಯೇ ಇಲ್ಲ ಅಂದಾಗ ಎಂಜಿನಿಯರುಗಳು ತೂಕ ಇಳಿಸುವ ದಾರಿ ಹಿಡಿದರು. ಆಮೇಲೆ ಆ ಮಿತಿ ಇಲ್ಲದ ದೇಶಗಳಿಗೆ ಹೋದಾಗಲೂ ಆ ಗುಣ ಉಳಿಯಿತು.

1977ರಲ್ಲಿ 797 ಸಿಸಿ ಫೋರ್ ಸ್ಟ್ರೋಕ್ ಇಂಜಿನ್ನಿನ ಎಲ್‌ಜೆ 80 ಬಂತು. 1981ರಲ್ಲಿ ಪೂರ್ತಿ ಹೊಸ ದೇಹ, ನಾವು ಇಂದಿಗೂ ಜಿಪ್ಸಿ ಅಂತ ಗುರುತಿಸುವ ಆ ಚೌಕಾಕಾರದ ಮುಖ. ಹೊರದೇಶಗಳಿಗೆ ಎಸ್‌ಜೆ 410 ಅನ್ನೋ ಹೆಸರಲ್ಲಿ ಹೋಗಿದ್ದು ಇದೇ. ಎಫ್10ಎ ಅನ್ನೋ 970 ಸಿಸಿ ಇಂಜಿನ್, 45 ಕುದುರೆ ಶಕ್ತಿ. ಇದರಲ್ಲಿ ಎರಡು ಅಳತೆ ಇತ್ತು. ಗಿಡ್ಡ ಗಾಡಿಗೆ ಎರಡು ಚಕ್ರಗಳ ನಡುವಿನ ಅಂತರ 2030 ಮಿಲಿಮೀಟರ್, ಉದ್ದದ್ದಕ್ಕೆ 2375. ಭಾರತಕ್ಕೆ ಬಂದಿದ್ದು ಉದ್ದದ್ದು. ಇದು ನಮ್ಮ ಪುಣ್ಯ. ಗಿಡ್ಡ ಗಾಡಿಯಲ್ಲಿ ಹಿಂದೆ ಎರಡು ಚೀಲ ಇಟ್ಟರೆ ಮುಗಿಯಿತು. ನಮ್ಮಲ್ಲಿ ಹಿಂದಿನ ಎರಡು ಬೆಂಚು ಎದುರುಬದುರು, ಆರು ಜನ ಕೂರುತ್ತಾರೆ, ಬೆಂಚು ಮಡಚಿದರೆ ಒಳ್ಳೇ ಸಾಮಾನು ಜಾಗ.

ಮಾರುತಿ ಉದ್ಯೋಗ್ 1983ರ ಡಿಸೆಂಬರಿನಲ್ಲಿ 800 ಕಾರು ಬಿಟ್ಟಿತ್ತು, ಮುಂದಿನ ವರ್ಷ ವ್ಯಾನು, 1985ರ ಡಿಸೆಂಬರಿನಲ್ಲಿ ಜಿಪ್ಸಿ. ಎಂಜಿ 410 ಅಂತ ಅದರ ಮಾದರಿ ಹೆಸರು. ನಾಲ್ಕೇ ಗೇರು. ಆಗ ಜೀಪು ಅಂದರೆ ಡೀಸೆಲ್ ಗುಡುಗು, ಲಾರಿಯಂಥ ಸ್ಟೇರಿಂಗ್, ಗೇರು ಹಾಕಲು ಭುಜದ ಬಲ. ಅಂಥ ಕಾಲದಲ್ಲಿ ಸದ್ದಿಲ್ಲದ ಪೆಟ್ರೋಲ್ ಇಂಜಿನ್, ಕಾರಿನಂಥ ಕ್ಲಚ್ಚು, ಎರಡು ಬೆರಳಲ್ಲಿ ಬೀಳುವ ಗೇರು ಇರುವ ಜೀಪು ಬಂದರೆ ಹೇಗಿರಬೇಡ! ಆದರೆ 45 ಕುದುರೆ ಶಕ್ತಿ ಎಲ್ಲಿಗೂ ಸಾಲುತ್ತಿರಲಿಲ್ಲ ಅನ್ನೋದೂ ಅಷ್ಟೇ ನಿಜ. ಐದಾರು ಜನ ಕೂತು ಚಾರ್ಮಾಡಿ ಘಾಟಿ ಹತ್ತುವಾಗ ಎರಡನೇ ಗೇರಿನಲ್ಲೇ ಇರಬೇಕಾಗುತ್ತಿತ್ತು.

ಮುಂದೆ ಆದ ಬದಲಾವಣೆ ಮೂರು. ಮೂರೂ ಮುಖ್ಯ, ಹಳೇ ಗಾಡಿ ಕೊಳ್ಳುವವರು ಇವನ್ನು ಬಾಯಿಪಾಠ ಮಾಡಿಕೊಳ್ಳಬೇಕು. 1993ರಲ್ಲಿ ಚಕ್ರಗಳ ನಡುವಿನ ಅಗಲವನ್ನು 90 ಮಿಲಿಮೀಟರ್ ಹೆಚ್ಚಿಸಿದರು. ಮಾದರಿ ಹೆಸರಿಗೆ ಡಬ್ಲ್ಯೂ ಸೇರಿಕೊಂಡಿತು, ಎಂಜಿ 410 ಡಬ್ಲ್ಯೂ. ನೋಡಲು ಮೂರೂವರೆ ಇಂಚು ಅಷ್ಟೇ, ಆದರೆ ಓರೆ ದಾರಿಯಲ್ಲಿ ಹೋಗುವಾಗ ಎದೆಬಡಿತ ಕಡಿಮೆ ಮಾಡಿದ್ದು ಅದೇ. 1996ರಲ್ಲಿ ಜಿಪ್ಸಿ ಕಿಂಗ್ ಬಂತು, ಎಂಜಿ 413 ಡಬ್ಲ್ಯೂ. 1298 ಸಿಸಿ, ಜಿ13ಬಿಎ ಇಂಜಿನ್, 60 ಕುದುರೆ ಶಕ್ತಿ, ಐದು ಗೇರು. ಎಸ್ಟೀಮ್ ಕಾರಿನಲ್ಲಿ ಇದ್ದ ಇಂಜಿನ್ ಕುಟುಂಬವೇ ಇದು, ಹಾಗಾಗಿ ಮೆಕ್ಯಾನಿಕ್‌ಗಳಿಗೆ ಕೈ ಪಳಗಿತ್ತು. 2000ದಲ್ಲಿ ಅದೇ ಇಂಜಿನ್ನಿಗೆ 16 ವಾಲ್ವ್, ಎಂಪಿಎಫ್‌ಐ, ಅಂದರೆ ಕಾರ್ಬ್ಯುರೇಟರ್ ಹೋಗಿ ಇಂಜೆಕ್ಟರ್ ಬಂತು. ಶಕ್ತಿ 80 ಕುದುರೆ, ಟಾರ್ಕ್ (ಎಳೆಯುವ ಶಕ್ತಿ) 103 ನ್ಯೂಟನ್ ಮೀಟರ್. ಈ ಕೊನೆಯ ಬದಲಾವಣೆಯೇ ಜಿಪ್ಸಿಯನ್ನು ಪೂರ್ತಿ ಗಾಡಿಯನ್ನಾಗಿ ಮಾಡಿದ್ದು ಅಂತ ನನ್ನ ಗಟ್ಟಿ ಅಭಿಪ್ರಾಯ. ಯಾಕೆ ಅಂದರೆ ಕಡಿದಾದ ಏರಿನಲ್ಲಿ ಗಾಡಿಯ ಮೂಗು ಆಕಾಶ ನೋಡುವಾಗ ಕಾರ್ಬ್ಯುರೇಟರ್ ಒಳಗಿನ ಪೆಟ್ರೋಲ್ ಒಂದು ಕಡೆ ವಾಲುತ್ತದೆ, ಇಂಜಿನ್ನಿಗೆ ಸರಿಯಾಗಿ ಪೆಟ್ರೋಲ್ ಸಿಗದೆ ತಡವರಿಸುತ್ತದೆ, ಕೆಲವೊಮ್ಮೆ ಅಲ್ಲೇ ಆಫ್ ಆಗುತ್ತದೆ. ಎಲ್ಲಿ ನಿಲ್ಲಬಾರದೋ ಅಲ್ಲೇ ನಿಂತರೆ ಏನು ಪ್ರಯೋಜನ? ಇಂಜೆಕ್ಟರ್ ಗಾಡಿಗೆ ಈ ತೊಂದರೆ ಇಲ್ಲ.

ಈಗ ಕೆಳಗೆ ಏನಿದೆ ನೋಡೋಣ. ಗೇರ್ ಬಾಕ್ಸಿಗೂ ಟ್ರಾನ್ಸ್‌ಫರ್ ಕೇಸಿಗೂ ನೇರ ಅಂಟು ಇಲ್ಲ, ನಡುವೆ ಒಂದು ಗಿಡ್ಡ ಶಾಫ್ಟ್. ಅಲ್ಲಿಂದ ಒಂದು ಶಾಫ್ಟ್ ಹಿಂದಕ್ಕೆ, ಒಂದು ಮುಂದಕ್ಕೆ. ಮಾಮೂಲು ಗೇರು ರಾಡಿನ ಪಕ್ಕದಲ್ಲಿ ಇನ್ನೊಂದು ಗಿಡ್ಡ ರಾಡು. ಟೂ ಹೈ (ಹಿಂದಿನ ಎರಡು ಚಕ್ರಕ್ಕೆ ಮಾತ್ರ ಶಕ್ತಿ), ಫೋರ್ ಹೈ (ನಾಲ್ಕಕ್ಕೂ), ನ್ಯೂಟ್ರಲ್, ಫೋರ್ ಲೋ (ನಾಲ್ಕಕ್ಕೂ, ನಿಧಾನದ ಗೇರಿನಲ್ಲಿ), ಇಷ್ಟೇ. ಬಟನ್ ಇಲ್ಲ, ಮೋಟರ್ ಇಲ್ಲ, ಸೆನ್ಸರ್ ಇಲ್ಲ. ಕೈಯಿಂದ ಎಳೆದರೆ ಬಿತ್ತು ಅಂತ ಗೊತ್ತಾಗುತ್ತದೆ. ಜಿಪ್ಸಿ ಕಿಂಗ್ ಟ್ರಾನ್ಸ್‌ಫರ್ ಕೇಸಿನ ಒಂದು ವಿಶೇಷ ಏನಂದರೆ ಅದರ ಹೈ ಕೂಡ ನೇರ ಒಂದಕ್ಕೊಂದು ಅಲ್ಲ. ಹೈನಲ್ಲಿ 1.409, ಲೋನಲ್ಲಿ 2.268 ಅನುಪಾತ. ಅಂದರೆ ಮಾಮೂಲಾಗಿ ರಸ್ತೆಯಲ್ಲಿ ಓಡುವಾಗಲೂ ಗೇರು ಸ್ವಲ್ಪ ಇಳಿದೇ ಇರುತ್ತದೆ. ಐದನೇ ಗೇರಿನಲ್ಲಿ 80ರ ವೇಗಕ್ಕೇ ಇಂಜಿನ್ ಜೋರಾಗಿ ಮಾತಾಡೋದು, ಸಣ್ಣ ಇಂಜಿನ್ ಆದರೂ ಏರಿನಲ್ಲಿ ಸೋಲದೇ ಇರೋದು, ಎರಡಕ್ಕೂ ಇದು ಒಂದು ಕಾರಣ.

ಟಾರು ರಸ್ತೆಯಲ್ಲಿ ಫೋರ್ ಹೈ ಹಾಕಿ ಓಡಿಸಬಾರದು. ನಡುವೆ ಡಿಫರೆನ್ಷಿಯಲ್, ಅಂದರೆ ಎರಡು ಕಡೆಯೂ ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರು ಜೋಡಣೆ, ಇಲ್ಲ. ತಿರುವಿನಲ್ಲಿ ಮುಂದಿನ ಚಕ್ರ, ಹಿಂದಿನ ಚಕ್ರ ಬೇರೆ ಬೇರೆ ದೂರ ಉರುಳುತ್ತವೆ, ಗಟ್ಟಿ ನೆಲದಲ್ಲಿ ಜಾರಲು ಅವಕಾಶ ಇಲ್ಲದೆ ಆ ಒತ್ತಡವೆಲ್ಲ ಶಾಫ್ಟಿನ ಮೇಲೆ, ಗೇರಿನ ಮೇಲೆ ಬೀಳುತ್ತದೆ. ಮಳೆ ಬಂತು, ರಸ್ತೆ ಒದ್ದೆ ಇದೆ, ಗ್ರಿಪ್ ಜಾಸ್ತಿ ಸಿಗಲಿ ಅಂತ ಸುಮ್ನೆ ಹಾಕಿಕೊಂಡು ಹೋಗುವವರನ್ನು ನೋಡಿದ್ದೇನೆ. ದಯವಿಟ್ಟು ಬೇಡ.

ಓಡಿಸುವ ರೀತಿಯೂ ಬೇರೆ. ಡೀಸೆಲ್ ಜೀಪು ಓಡಿಸಿ ರೂಢಿ ಇರುವವರು ಜಿಪ್ಸಿ ಹತ್ತಿದ ಮೊದಲ ದಿನ, ಇದರಲ್ಲಿ ದಮ್ಮೇ ಇಲ್ಲ ಅನ್ನುತ್ತಾರೆ. 103 ನ್ಯೂಟನ್ ಮೀಟರ್ ಅನ್ನೋದು ಸಣ್ಣ ಸಂಖ್ಯೆ, ಅದೂ ಸಿಗೋದು 4500 ಆರ್‌ಪಿಎಂನಲ್ಲಿ. ಆಕ್ಸಿಲರೇಟರ್ ಮುಟ್ಟದೆ ಕ್ಲಚ್ ಬಿಟ್ಟು ಹತ್ತಿಸುವ ಡೀಸೆಲ್ ಆಟ ಇಲ್ಲಿ ನಡೆಯಲ್ಲ. ಫೋರ್ ಲೋ ಹಾಕಬೇಕು, ಇಂಜಿನ್ನನ್ನು ಸ್ವಲ್ಪ ಕೂಗಿಸಬೇಕು, ಒಂದೇ ಸಮ ವೇಗದಲ್ಲಿ ಹೋಗಬೇಕು, ಮಧ್ಯೆ ಗೇರು ಬದಲಾಯಿಸಬಾರದು. ನಮ್ಮ ತೋಟದಲ್ಲಿ ಕೆಳಗಿನ ಗದ್ದೆಯಿಂದ ಮೇಲಿನ ಕಣಕ್ಕೆ ಬರೋ ದಾರಿ ಕೆಂಪು ಮಣ್ಣಿನದು, ಆಷಾಢದಲ್ಲಿ ಅದರ ಮೇಲೆ ನಡೆದರೂ ಜಾರುತ್ತದೆ. ಅಲ್ಲಿ ಎರಡನೇ ಗೇರು, ಫೋರ್ ಲೋ, ಹಿಡಿದ ಆಕ್ಸಿಲರೇಟರ್ ಬಿಡದೆ ಹತ್ತಿಸಿದರೆ ಬಾಲ ಆಚೀಚೆ ಆಡಿಸಿಕೊಂಡು ಮೇಲೆ ಬಂದೇ ಬರುತ್ತದೆ. ಇಳಿಯುವಾಗ ಮೊದಲನೇ ಗೇರು, ಫೋರ್ ಲೋ, ಬ್ರೇಕ್ ಮೇಲಿಂದ ಕಾಲು ತೆಗೆಯಿರಿ. ಇಂಜಿನ್ನೇ ಹಿಡಿದುಕೊಂಡು ಇಳಿಸುತ್ತದೆ. ಕೆಸರಿನ ಇಳಿಜಾರಿನಲ್ಲಿ ಬ್ರೇಕ್ ಒತ್ತಿದರೆ ಚಕ್ರ ನಿಲ್ಲುತ್ತದೆ, ಗಾಡಿ ನಿಲ್ಲಲ್ಲ.

ಇದರಲ್ಲಿ ಡಿಫರೆನ್ಷಿಯಲ್ ಲಾಕ್ ಇಲ್ಲ ಅನ್ನೋದು ತಿಳಿದಿರಲಿ. ಮುಂದಿನ ಎಡ ಚಕ್ರ, ಹಿಂದಿನ ಬಲ ಚಕ್ರ ಒಟ್ಟಿಗೆ ಗಾಳಿಯಲ್ಲಿ ನಿಂತರೆ ಅವೆರಡೂ ಸುಮ್ನೆ ತಿರುಗುತ್ತವೆ, ಗಾಡಿ ಅಲ್ಲಾಡಲ್ಲ. ಲೀಫ್ ಸ್ಪ್ರಿಂಗ್ ಗಡುಸು, ಹಾಗಾಗಿ ಚಕ್ರ ಕೆಳಗೆ ಇಳಿಯೋದೂ ಕಡಿಮೆ, ಈ ಪರಿಸ್ಥಿತಿ ಬೇಗ ಬರುತ್ತದೆ. ಹಳ್ಳದ ದಾರಿಯನ್ನು ಇಳಿದು ನೋಡಿ, ಯಾವ ಚಕ್ರ ಎಲ್ಲಿ ಬರಬೇಕು ಅಂತ ಮೊದಲೇ ಲೆಕ್ಕ ಹಾಕಿಕೊಳ್ಳಬೇಕು. ನೆಲದಿಂದ ಎತ್ತರ 210 ಮಿಲಿಮೀಟರ್. ಸಾಕು, ಜಾಸ್ತಿ ಅಲ್ಲ. ಸ್ಪ್ರಿಂಗುಗಳು ಆಕ್ಸಲ್ಲಿನ ಕೆಳಗೆ ಇರೋದರಿಂದ ಕಲ್ಲಿನ ಮೇಲೆ ಹೋಗುವಾಗ ಅದರ ಯು ಬೋಲ್ಟು ಮೊದಲು ತಾಗುತ್ತದೆ.

ಸುಖದ ವಿಷಯಕ್ಕೆ ಬಂದರೆ ಹೇಳಲು ಹೆಚ್ಚಿಲ್ಲ. ಖಾಲಿ ಗಾಡಿ ಹಾಳು ರಸ್ತೆಯಲ್ಲಿ ಕುಣಿಸುತ್ತದೆ, ಹಿಂದಿನ ಬೆಂಚಿನಲ್ಲಿ ಕೂತವರ ಸೊಂಟಕ್ಕೆ ಒಳ್ಳೆಯದಲ್ಲ. ಹಿಂದೆ ಎರಡು ಮೂಟೆ ಇದ್ದರೆ ಚೂರು ತಣ್ಣಗಾಗುತ್ತದೆ. ಪವರ್ ಸ್ಟೇರಿಂಗ್ ಇಲ್ಲ, ಓಡುವಾಗ ಪರವಾಗಿಲ್ಲ, ನಿಂತಲ್ಲೇ ತಿರುಗಿಸೋದು ಕಷ್ಟ. ಕಂಪನಿಯಿಂದ ಎಸಿ ಬರುತ್ತಿರಲಿಲ್ಲ. ಸಾಫ್ಟ್ ಟಾಪಿನಲ್ಲಿ ಮಳೆ ನೀರು ಎಲ್ಲಿಂದಾದರೂ ಒಳಗೆ ಬಂದೇ ಬರುತ್ತದೆ, ಕಳ್ಳರಿಗೂ ಬೀಗದ ಹಂಗಿಲ್ಲ. ಹಾರ್ಡ್ ಟಾಪ್ ತಗೊಂಡರೆ ಈ ಎರಡು ತೊಂದರೆ ತಪ್ಪುತ್ತದೆ, ಆದರೆ ತೂಕ ಐವತ್ತು ಕೆಜಿಯಷ್ಟು ಮೇಲೆ ಹೋಗುತ್ತದೆ, ಬೇಸಿಗೆಯಲ್ಲಿ ಒಳಗೆ ಕೂರೋಕಾಗಲ್ಲ. ಹೈವೇಯಲ್ಲಿ 80 ಸರಿ, 100 ಆದರೆ ಗಾಳಿಯ ಸದ್ದಿಗೆ ಪಕ್ಕದವರ ಮಾತು ಕೇಳಲ್ಲ, ಅಡ್ಡಗಾಳಿ ಬಂದರೆ ಸ್ಟೇರಿಂಗ್ ತಿದ್ದುತ್ತಲೇ ಇರಬೇಕು.

ಸುರಕ್ಷತೆ ಬಗ್ಗೆ ಮುಚ್ಚುಮರೆ ಬೇಡ. ಏರ್ ಬ್ಯಾಗ್ ಇಲ್ಲ, ಎಬಿಎಸ್ ಇಲ್ಲ, ಬಾಗಿಲು ಅಂದರೆ ಒಂದು ಪದರ ತಗಡು. ಹಿಂದಿನ ಎದುರುಬದುರು ಬೆಂಚಿನಲ್ಲಿ ಮಕ್ಕಳನ್ನು ಕೂರಿಸಿ ಹೈವೇಗೆ ಹೋಗಬೇಡಿ, ಇದನ್ನು ಕೈ ಮುಗಿದು ಹೇಳುತ್ತೇನೆ. ಗಾಡಿ ಕಿರಿದು, ಎತ್ತರ ಜಾಸ್ತಿ, ವೇಗದಲ್ಲಿ ಥಟ್ಟನೆ ತಿರುಗಿಸಿದರೆ ಹೆದರಿಸುತ್ತದೆ. ಅಮೆರಿಕದಲ್ಲಿ ಇದರ ಗಿಡ್ಡ ಅಣ್ಣ ಸಮುರಾಯ್ ಅಂತ ಮಾರಾಟವಾಗುತ್ತಿತ್ತು. 1988ರಲ್ಲಿ ಅಲ್ಲಿನ ಕನ್ಸ್ಯೂಮರ್ ರಿಪೋರ್ಟ್ಸ್ ಪತ್ರಿಕೆ, ಅದು ಸುಲಭವಾಗಿ ಮಗುಚುತ್ತದೆ ಅಂತ ಬರೆದು ದೊಡ್ಡ ಗಲಾಟೆಯಾಯಿತು. ಸುಜುಕಿ ಕೋರ್ಟಿಗೆ ಹೋಯಿತು, 2004ರಲ್ಲಿ ಎರಡೂ ಕಡೆಯವರು ರಾಜಿ ಮಾಡಿಕೊಂಡರು. ಆ ಪರೀಕ್ಷೆ ಸರಿಯೋ ತಪ್ಪೋ ಅನ್ನೋ ಜಗಳ ಬದಿಗಿರಲಿ, ನಮ್ಮ ಉದ್ದದ, ಅಗಲ ಹೆಚ್ಚಿಸಿದ ಜಿಪ್ಸಿ ಅದಕ್ಕಿಂತ ನೆಟ್ಟಗೆ ನಿಲ್ಲುತ್ತದೆ ಅನ್ನೋದೂ ಇರಲಿ, ಕಾರು ಓಡಿಸಿದ ಹಾಗೆ ಇದನ್ನು ತಿರುವಿನಲ್ಲಿ ಓಡಿಸಬಾರದು. 1993ಕ್ಕಿಂತ ಹಿಂದಿನ ಕಿರಿದಾದ ಗಾಡಿಯನ್ನಂತೂ ಇನ್ನೂ ಎಚ್ಚರದಿಂದ.

ಇಷ್ಟು ಕೊರತೆ ಇದ್ದರೂ ಇದು 33 ವರ್ಷ ಮಾರುಕಟ್ಟೆಯಲ್ಲಿ ಉಳಿಯಿತು. ಸೇನೆ ಸಾವಿರಾರು ಗಾಡಿ ಕೊಂಡಿತು. ಲಡಾಖಿನ ಚಳಿಯಲ್ಲಿ ಡೀಸೆಲ್ ಗಟ್ಟಿಯಾಗುವ ಜಾಗದಲ್ಲಿ ಪೆಟ್ರೋಲ್ ಜಿಪ್ಸಿ ಬೇಗ ಸ್ಟಾರ್ಟ್ ಆಗುತ್ತದೆ, ಹಿಮದಲ್ಲಿ ಸಿಕ್ಕಿಕೊಂಡರೆ ಸೈನಿಕರೇ ತಳ್ಳಬಹುದು, ಬಿಚ್ಚಿ ರಿಪೇರಿ ಮಾಡಲು ಲ್ಯಾಪ್‌ಟಾಪ್ ಬೇಡ. ರ‍್ಯಾಲಿಯಲ್ಲೂ ಅಷ್ಟೇ. ಹರಿ ಸಿಂಗ್ ಅವರಂಥ ರಾಷ್ಟ್ರೀಯ ಚಾಂಪಿಯನ್ನರ ಹೆಸರಿನ ಜೊತೆ ಜಿಪ್ಸಿಯ ಹೆಸರೂ ಸೇರಿಕೊಂಡಿದೆ. ರೈಡ್ ಡಿ ಹಿಮಾಲಯದಂಥ ರ‍್ಯಾಲಿಯಲ್ಲಿ ವರ್ಷಗಟ್ಟಲೆ ಎಲ್ಲಿ ನೋಡಿದರೂ ಜಿಪ್ಸಿಯೇ. ಕಾಡಿನ ಸಫಾರಿಯ ಕತೆ ಎಲ್ಲರಿಗೂ ಗೊತ್ತು. ರಣಥಂಬೋರ್, ಕಾರ್ಬೆಟ್, ಕಾನ್ಹಾ, ಎಲ್ಲಿ ಹೋದರೂ ಸಫಾರಿ ಗಾಡಿಗೆ ಜನ ಜಿಪ್ಸಿ ಅಂತಲೇ ಹೇಳುತ್ತಾರೆ. ಪೆಟ್ರೋಲ್ ಇಂಜಿನ್ನಿನ ಸದ್ದು ಕಡಿಮೆ, ಡೀಸೆಲ್ ಜೀಪಿನ ನಡುಕ ಇಲ್ಲ, ಹುಲಿ ಕಂಡಾಗ ಆಫ್ ಮಾಡಿ ಮತ್ತೆ ಸ್ಟಾರ್ಟ್ ಮಾಡಿದರೆ ಪ್ರಾಣಿ ಬೆಚ್ಚುವುದಿಲ್ಲ. ಇನ್ನೊಂದು ಸಂಗತಿ. 2007ರ ಏಪ್ರಿಲ್‌ನಲ್ಲಿ ಚಿಲಿ ದೇಶದ ಇಬ್ಬರು, ಓಜೋಸ್ ಡೆಲ್ ಸಲಾಡೋ ಅನ್ನೋ ಜ್ವಾಲಾಮುಖಿಯ ಮೇಲೆ 6,688 ಮೀಟರ್ ಎತ್ತರಕ್ಕೆ ಹೋಗಿ ಕಾರು ಹತ್ತಿಸಿದ ದಾಖಲೆ ಮಾಡಿದರು. ಹೋಗಿದ್ದು ಬದಲಾಯಿಸಿ ಬಲ ಹೆಚ್ಚಿಸಿದ ಸುಜುಕಿ ಸಮುರಾಯ್‌ನಲ್ಲಿ. ದೊಡ್ಡ ಇಂಜಿನ್ನಿನ ಗಾಡಿಗಳು ಎಷ್ಟೋ ಇದ್ದವು, ಆದರೂ ಅಲ್ಲಿ ಗೆದ್ದಿದ್ದು ಹಗುರದ್ದು.

ನನಗೆ ಬೇಸರ ಇರೋದು ಒಂದು ವಿಷಯಕ್ಕೆ. ಜಪಾನಿನಲ್ಲಿ ಸುಜುಕಿ 1990ರ ದಶಕದಲ್ಲೇ ಇದೇ ಗಾಡಿಯ ವಂಶಕ್ಕೆ ಕಾಯಿಲ್ ಸ್ಪ್ರಿಂಗ್ ಕೊಟ್ಟಿತು. ನಮ್ಮಲ್ಲಿ 2000ದ ನಂತರ ಜಿಪ್ಸಿಗೆ ಹೇಳಿಕೊಳ್ಳುವಂಥ ಬದಲಾವಣೆಯೇ ಆಗಲಿಲ್ಲ. ಕಾಯಿಲ್ ಸ್ಪ್ರಿಂಗ್, ಪವರ್ ಸ್ಟೇರಿಂಗ್, ಒಂದು ಎಸಿ, ಮುಂದಕ್ಕೆ ಮುಖ ಮಾಡಿದ ಹಿಂದಿನ ಸೀಟು, ಇಷ್ಟು ಕೊಟ್ಟಿದ್ದರೆ ಮಲೆನಾಡಿನಲ್ಲಿ, ಕೊಡಗಿನಲ್ಲಿ, ಉತ್ತರಾಖಂಡದಲ್ಲಿ ಎಷ್ಟು ಮನೆಗಳು ಕೊಳ್ಳುತ್ತಿದ್ದವು ಯೋಚಿಸಿ. ಸೇನೆ ಹೇಗೂ ಕೊಳ್ಳುತ್ತದೆ ಅಂತ ಹಾಗೇ ಬಿಟ್ಟರು ಅನ್ನಿಸುತ್ತದೆ. ಕೊನೆಗೆ 2019ರಲ್ಲಿ ಎಬಿಎಸ್, ಏರ್ ಬ್ಯಾಗ್, ಡಿಕ್ಕಿ ಪರೀಕ್ಷೆಯ ಹೊಸ ನಿಯಮ ಬಂದಾಗ ಹಳೇ ದೇಹಕ್ಕೆ ಅದನ್ನೆಲ್ಲ ಸೇರಿಸಲು ಸಾಧ್ಯ ಇರಲಿಲ್ಲ, ಸಾರ್ವಜನಿಕರಿಗೆ ಮಾರಾಟ ನಿಂತಿತು. ಸೇನೆಗೆ ಮಾತ್ರ ವಿನಾಯಿತಿಯಲ್ಲಿ 2020ರಲ್ಲೂ ಗಾಡಿ ಹೋದವು.

ಹಾಗಾದರೆ ಇದೇ ವಂಶದ ಹೊಸ ಗಾಡಿ ಜಿಮ್ನಿ ತಗೊಂಡರೆ ಆಗಲ್ವಾ? ಆಗುತ್ತದೆ, ದುಡ್ಡಿದ್ದರೆ. 2023ರ ಜೂನಿನಲ್ಲಿ 12.74 ಲಕ್ಷಕ್ಕೆ ಶುರುವಾಗಿ ಬಂದ ಐದು ಬಾಗಿಲಿನ ಜಿಮ್ನಿ ನಿಜವಾಗಿ ಒಳ್ಳೇ ಗಾಡಿ. 1462 ಸಿಸಿ, ಕಾಯಿಲ್ ಸ್ಪ್ರಿಂಗ್, ಆರು ಏರ್ ಬ್ಯಾಗ್, ಎಸಿ, ಅದೇ ಕೈಯಿಂದ ಎಳೆಯುವ ಫೋರ್ ಲೋ ರಾಡು. ಗಾಳಿಯಲ್ಲಿ ತಿರುಗುವ ಚಕ್ರಕ್ಕೆ ಬ್ರೇಕ್ ಹಾಕಿ ಇನ್ನೊಂದಕ್ಕೆ ಶಕ್ತಿ ಕೊಡುವ ವ್ಯವಸ್ಥೆಯೂ ಇದೆ, ಜಿಪ್ಸಿ ನಿಲ್ಲುವ ಕಡೆ ಅದು ಹತ್ತಿಕೊಂಡು ಹೋಗುತ್ತದೆ. ಆದರೆ ತೂಕ 1200 ಕೆಜಿ ಆಸುಪಾಸು, ಹಿಂದೆ ಸಾಮಾನು ಜಾಗ ಕಡಿಮೆ, ಕೆಸರು ಮೆತ್ತಿದ ಗೊಬ್ಬರದ ಚೀಲವನ್ನು ಅದರೊಳಗೆ ಎಸೆಯಲು ಮನಸ್ಸು ಬರಲ್ಲ. ಮನೆಗೆ ಒಂದೇ ಗಾಡಿ ಅಂದರೆ ಜಿಮ್ನಿ. ಕಾರು ಬೇರೆ ಇದೆ, ತೋಟಕ್ಕೊಂದು ಬೇಕು ಅಂದರೆ ಜಿಪ್ಸಿ.

ಈಗ ಕೊಳ್ಳುವ ಮಾತು. ಸಿಕ್ಕರೆ 2000ದ ನಂತರದ ಎಂಪಿಎಫ್‌ಐ ತಗೊಳ್ಳಿ, ಅದೂ ಕಂಪನಿ ಕೊಟ್ಟ ಹಾಗೇ ಇರುವುದು. ದೊಡ್ಡ ಟೈರು, ನಾಲ್ಕಿಂಚು ಎತ್ತರಿಸಿದ ಸ್ಪ್ರಿಂಗು, ತಲೆ ಮೇಲೆ ದೀಪದ ಸಾಲು ಇರುವ ಗಾಡಿ ನೋಡಲು ಚೆಂದ. ಆದರೆ ಜಿಪ್ಸಿಯ ಬಲವೇ ಹಗುರತನ. ಕಬ್ಬಿಣದ ಬಂಪರು, ವಿಂಚು, ರೋಲ್ ಕೇಜು ಎಲ್ಲ ಹಾಕಿ ಇನ್ನೂರು ಕೆಜಿ ಸೇರಿಸಿದ ಮೇಲೆ 80 ಕುದುರೆ ಶಕ್ತಿ ಎಲ್ಲಿ ಸಾಲುತ್ತದೆ? ದೊಡ್ಡ ಟೈರಿನ ಹೊರೆ ಮುಂದಿನ ಆಕ್ಸಲ್ ಒಳಗಿನ ಜಾಯಿಂಟಿನ ಮೇಲೆ ಬೀಳುತ್ತದೆ, ಅದು ಮುರಿಯೋದು ಕಾಡಿನ ಮಧ್ಯದಲ್ಲೇ. ಡೀಸೆಲ್ ಇಂಜಿನ್ ಕೂರಿಸಿದ ಗಾಡಿ ಕಡಿಮೆಗೆ ಸಿಕ್ಕಿತು ಅಂತ ಆಸೆ ಪಡಬೇಡಿ. ಮುಂದಿನ ಆಕ್ಸಲ್ ಮೇಲೆ ಭಾರ ಬೀಳುತ್ತದೆ, ಜೊತೆಗೆ ಆರ್‌ಸಿಯಲ್ಲಿ ಆ ಇಂಜಿನ್ ನಂಬರ್ ದಾಖಲಾಗಿಲ್ಲ ಅಂದರೆ ಎಫ್‌ಸಿ ಇಲ್ಲ, ವಿಮೆ ಇಲ್ಲ. ತಯಾರಕರು ಕೊಟ್ಟ ವಿವರಕ್ಕೆ ವಿರುದ್ಧವಾಗಿ ಗಾಡಿ ಬದಲಾಯಿಸಬಾರದು ಅಂತ ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಹೇಳಿದ ಮೇಲಂತೂ ಆರ್‌ಟಿಓದವರು ಬಿಗಿಯಾಗಿದ್ದಾರೆ.

ಮೊದಲ ಶತ್ರು ತುಕ್ಕು. ನಮ್ಮ ಕಡೆಯ ಮಳೆಗೆ ಇದರ ತಗಡು ತಡೆಯಲ್ಲ. ಒಳಗಿನ ಮ್ಯಾಟ್ ಎತ್ತಿ ನೆಲ ನೋಡಿ, ಹಿಂದಿನ ಚಕ್ರದ ಮೇಲಿನ ಕಮಾನು ನೋಡಿ, ಮುಂದಿನ ಗಾಜಿನ ಚೌಕಟ್ಟಿನ ಕೆಳ ಅಂಚು ನೋಡಿ, ಆಮೇಲೆ ಕೆಳಗೆ ಮಲಗಿ ಚಾಸಿಯನ್ನು ಸಣ್ಣ ಸುತ್ತಿಗೆಯಿಂದ ತಟ್ಟುತ್ತಾ ಹೋಗಿ. ಹೊಸ ಬಣ್ಣದ ಗಾಡಿ ಅಂದರೆ ಅನುಮಾನ ಎರಡರಷ್ಟಾಗಲಿ. ದೇಹದ ತುಕ್ಕಿಗೆ ಟಿಂಕರಿಂಗ್ ಮಾಡಿಸಬಹುದು, ಚಾಸಿ ತೂತಾಗಿದ್ದರೆ ವಾಪಸ್ ಬನ್ನಿ. ಮುಂದಿನ ಚಕ್ರದ ಹಿಂದೆ ದುಂಡಗಿನ ಗುಂಡಿನಂಥ ನಕಲ್ (ಚಕ್ರವನ್ನು ಎಡಬಲ ತಿರುಗಿಸುವ ಕೀಲು) ಇರುತ್ತದೆ. ಅಲ್ಲಿಂದ ಗ್ರೀಸು, ಆಯಿಲ್ ಸೋರಿ ಟೈರಿನ ಒಳಮೈ ಕಪ್ಪಾಗಿದ್ದರೆ ಸೀಲು ಹೋಗಿದೆ ಅಂತ ಅರ್ಥ. ಸೀಲಿನ ಬೆಲೆ ಏನೂ ಇಲ್ಲ, ಬಿಚ್ಚಿ ಜೋಡಿಸೋದು ಮಾತ್ರ ಒಂದು ದಿನದ ಕೆಲಸ. ಅಲ್ಲೇ ಒಳಗೆ ಆ ಕೀಲು ತಿರುಗುವ ಕಿಂಗ್ ಪಿನ್ ಬೇರಿಂಗ್ ಇದೆ. 60ರ ವೇಗದಲ್ಲಿ ಒಂದು ಗುಂಡಿಗೆ ಇಳಿದು ಹತ್ತಿದ ಕೂಡಲೇ ಸ್ಟೇರಿಂಗ್ ಗಡಗಡ ನಡುಗಲು ಶುರುವಾದರೆ, ಬಹಳ ಸಲ ಕಾರಣ ಅದೇ. ಇದನ್ನು ಹೇಳೋದಕ್ಕೆ ಕಾರಣ ಇದೆ. ನಮ್ಮ ಗಾಡಿಗೆ ಈ ನಡುಕ ಬಂದಾಗ ಪೇಟೆಯ ಒಂದು ಗ್ಯಾರೇಜಿನಲ್ಲಿ ಸ್ಟೇರಿಂಗ್ ಡ್ಯಾಂಪರ್ ಮಾತ್ರ ಬದಲಾಯಿಸಿ ದುಡ್ಡು ತಗೊಂಡರು, ಸ್ವಲ್ಪ ದಿನಕ್ಕೆ ನಡುಕ ಮತ್ತೆ ಬಂತು. ಆಮೇಲೆ ಊರಿನ ಹಳೇ ಮೆಕ್ಯಾನಿಕ್ ಚಕ್ರ ಎತ್ತಿ, ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿ, ಬೇರಿಂಗ್ ಸವೆದಿದೆ ಅಂತ ಒಂದೇ ನಿಮಿಷದಲ್ಲಿ ಹೇಳಿದರು. ನೀವೂ ಜಾಕಿ ಹಾಕಿ ಹಾಗೇ ಅಲ್ಲಾಡಿಸಿ ನೋಡಿ.

ಫೋರ್ ಬೈ ಫೋರ್ ಕೆಲಸ ಮಾಡುತ್ತದೆ ಅಂತ ಮಾರುವವರು ಹೇಳುತ್ತಾರೆ, ನಂಬಬೇಡಿ. ಎಷ್ಟೋ ಗಾಡಿಗಳಲ್ಲಿ ವರ್ಷಗಟ್ಟಲೆ ಆ ರಾಡು ಮುಟ್ಟಿರಲ್ಲ. ಮಣ್ಣಿನ ಏರಿಗೆ ಕರೆದುಕೊಂಡು ಹೋಗಿ, ಫೋರ್ ಲೋ ಹಾಕಿ ಹತ್ತಿಸಿ, ಒಬ್ಬರು ಹೊರಗೆ ನಿಂತು ಮುಂದಿನ ಚಕ್ರ ಎಳೆಯುತ್ತಿದೆಯಾ ನೋಡಲಿ. ಮುಂದಿನ ಚಕ್ರವನ್ನು ಶಾಫ್ಟಿಗೆ ಜೋಡಿಸುವ ಹಬ್ ಲಾಕ್ ಆಗದೇ ಇದ್ದರೆ ಶಾಫ್ಟು ತಿರುಗುತ್ತದೆ, ಚಕ್ರಕ್ಕೆ ಶಕ್ತಿ ಹೋಗಲ್ಲ. ಗಾಡಿ ಹತ್ತುವಾಗ ರಾಡು ತಾನಾಗೇ ಹಾರಿ ನ್ಯೂಟ್ರಲ್‌ಗೆ ಬಂದರೆ ಟ್ರಾನ್ಸ್‌ಫರ್ ಕೇಸಿನೊಳಗೆ ಸವೆತ ಇದೆ, ಬೆಲೆಯಲ್ಲಿ ಅದನ್ನು ಕಳೆಯಿರಿ.

ದೆಹಲಿ ಕಡೆಯಿಂದ ಬರುವ ಗಾಡಿಗಳು ಬಹಳ. ಅಲ್ಲಿ 15 ವರ್ಷ ದಾಟಿದ ಪೆಟ್ರೋಲ್ ಗಾಡಿ ಓಡಿಸುವಂತಿಲ್ಲ ಅನ್ನೋ ನಿಯಮದಿಂದಾಗಿ ಕಡಿಮೆಗೆ ಬಿಡುತ್ತಾರೆ. ಮಳೆ ಕಡಿಮೆ ಇರುವ ಊರಿನ ಗಾಡಿಗೆ ತುಕ್ಕು ಕಡಿಮೆ, ಅದು ನಿಜವಾದ ಲಾಭ. ಆದರೆ ಎನ್‌ಓಸಿ, ಇಲ್ಲಿನ ತೆರಿಗೆ, ಮರುನೋಂದಣಿ, ಇದೆಲ್ಲ ಸೇರಿಸಿ ಲೆಕ್ಕ ಹಾಕಿ. ಸೇನೆಯ ಹರಾಜಿನಿಂದ ಬಂದದ್ದು ಅಂದರೆ ಹರಾಜಿನ ಮೂಲ ಕಾಗದ, ಚಾಸಿ ನಂಬರ್, ಇಂಜಿನ್ ನಂಬರ್ ಮೂರೂ ತಾಳೆ ನೋಡದೆ ಮುಂಗಡ ಕೊಡಲೇಬೇಡಿ. ಹಸಿರು ಬಣ್ಣ ಬಳಿದ ಮಾತ್ರಕ್ಕೆ ಸೇನೆಯ ಗಾಡಿ ಆಗಲ್ಲ.

ಖರ್ಚಿನ ವಿಷಯ. ಮೈಲೇಜ್ ಹತ್ತರ ಆಸುಪಾಸು ಅಂದುಕೊಳ್ಳಿ, ಫೋರ್ ಲೋನಲ್ಲಿ ತೋಟ ಸುತ್ತಿದ ದಿನ ಅದರ ಅರ್ಧ. ಟ್ಯಾಂಕ್ 40 ಲೀಟರ್. ಬಿಡಿಭಾಗ ಈಗಲೂ ಸಿಗುತ್ತದೆ. ಇಂಜಿನ್ನಿನ ಸಾಮಾನು ಕಂಪನಿಯ ಅಂಗಡಿಯಲ್ಲೇ ಬಹಳಷ್ಟು ಇದೆ, ಇಲ್ಲದ್ದಕ್ಕೆ ಬೆಂಗಳೂರಿನ ಜೆ.ಸಿ. ರಸ್ತೆ ಸುತ್ತಿದರೆ ಆಗುತ್ತದೆ. ದೇಹದ ಭಾಗಗಳು, ಹುಡ್ಡಿನ ಬಟ್ಟೆ, ಗಾಜಿನ ಚೌಕಟ್ಟು ಬೇಕಿದ್ದರೆ ದೆಹಲಿಯ ಕಶ್ಮೀರಿ ಗೇಟ್, ಮಾಯಾಪುರಿಯಿಂದ ತರಿಸುವವರಿದ್ದಾರೆ. ಕ್ಲಚ್ಚು, ಬ್ರೇಕು, ಸರ್ವಿಸು ಎಲ್ಲ ಸಣ್ಣ ಕಾರಿನ ಖರ್ಚೇ. ಹಳ್ಳ ದಾಟಿದ ವಾರ ಆಕ್ಸಲ್ಲಿನ ಆಯಿಲ್ ನೋಡಿ. ಹಾಲಿನ ಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿದೆ, ಅವತ್ತೇ ಬದಲಾಯಿಸಿ.

ತಗೊಂಡ ಮೇಲೆ ಮೊದಲ ದುಡ್ಡು ಎಲ್ಲಿಗೆ ಹಾಕಬೇಕು ಅಂತ ಕೇಳಿದರೆ ಟೈರಿಗೆ. ಕಂಪನಿಯ ಅಳತೆ 205/70, 15 ಇಂಚು. ಅದೇ ಅಳತೆಯಲ್ಲಿ ಅಥವಾ ಒಂದೇ ಹೆಜ್ಜೆ ದೊಡ್ಡದಾಗಿ, ಕೆಸರು ಕಚ್ಚುವ ಆಲ್ ಟೆರೇನ್ ಟೈರು ನಾಲ್ಕಕ್ಕೂ ಹಾಕಿ, ಸ್ಟೆಪ್ನಿಗೂ ಸೇರಿಸಿ ಐದು. ಕೆಸರಿಗೆ ಇಳಿಯುವ ಮುಂಚೆ ಗಾಳಿಯನ್ನು 18ಕ್ಕೆ ಇಳಿಸಿ, ಟಾರು ರಸ್ತೆಗೆ ಬಂದ ಕೂಡಲೇ ತುಂಬಿಸಿ. ಬ್ಯಾಟರಿಗೆ ಸಿಕ್ಕಿಸುವ ಸಣ್ಣ ಗಾಳಿ ಪಂಪು ಸೀಟಿನ ಕೆಳಗೆ ಇರಲಿ.